ಆಕಾಶದ ಲೆಕ್ಕಕ್ಕೆ ಮೂರು ವರ್ಷದ ಹಣ

ಕೃಷಿ ಹವಾಮಾನ ವೀಕ್ಷಣಾಲಯದಲ್ಲಿ ದಿನದ ಮೊದಲ ಓದು ಆಯಾ ಊರಿನ ಸ್ಥಳೀಯ ಸಮಯ ಏಳಕ್ಕೆ ಆಗಬೇಕು ಎಂಬುದು ನಿಯಮ. ನಮ್ಮ ಕೈಗಡಿಯಾರ ತೋರಿಸುವುದು 82.5 ಡಿಗ್ರಿ ರೇಖಾಂಶದ ಸಮಯವನ್ನು. ಧಾರವಾಡ ಇರುವುದು 75 ಡಿಗ್ರಿಯ ಆಸುಪಾಸಿನಲ್ಲಿ. ಹಾಗಾಗಿ ಸೂರ್ಯನ ಲೆಕ್ಕದ ಏಳು ಗಂಟೆ ಇಲ್ಲಿ ಗಡಿಯಾರದಲ್ಲಿ ಏಳೂವರೆ. ಥರ್ಮಾಮೀಟರ್ ಇಟ್ಟ ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು, ಕಣ್ಣನ್ನು ಪಾದರಸದ ಮಟ್ಟಕ್ಕೆ ತಂದು, ಮೈಯ ಕಾವು ತಾಗುವ ಮೊದಲೇ ದಶಾಂಶ ಓದಿಕೊಂಡು, ಪೂರ್ಣಾಂಕವನ್ನು ಆಮೇಲೆ ನೋಡಬೇಕು. ಓದಿದ ಅಂಕಿ ಅಲ್ಲೇ, ಆಗಲೇ ಪುಸ್ತಕಕ್ಕೆ ಹೋಗಬೇಕು.

ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ಸಲ ತಡವಾಗಿ ಹೋಗಿದ್ದೆ. "ಎಂಟಕ್ಕ ಓದಿದ್ರ ಏನಾಗ್ತೈತ್ರೀ ಸರ?" ಎಂದು ಕೇಳಿದೆ. ಮೇಷ್ಟ್ರು ಸಿಟ್ಟಾಗಲಿಲ್ಲ. "ಇವತ್ತ ಏನೂ ಆಗಂಗಿಲ್ಲಪಾ. ವರ್ಷಕ್ಕ ಐದೈದು ನಿಮಿಷ ತಡಾ ಮಾಡ್ಕೋತ ಹೋಗು, ಹತ್ತು ವರ್ಷಕ್ಕ ಧಾರವಾಡ ಕಾದೈತಿ ಅಂತ ಪುಸ್ತಕದಾಗ ಬರ್ತೈತಿ. ಊರು ಕಾದಿರಂಗಿಲ್ಲ, ನೀ ತಡಾ ಮಾಡಿರ್ತಿ" ಎಂದರು.

ಬಾಹ್ಯಾಕಾಶದಿಂದ ಭೂಮಿಯ ತಾಪಮಾನ ಅಳೆದವರಿಗೂ ಇದೇ ತೊಡಕು ಎದುರಾಯಿತು. ಅದನ್ನು ಬಿಡಿಸಲು ವರ್ಷಗಳೇ ಹಿಡಿದವು. ಉಪಗ್ರಹದ ಅಂಕಿಗಳನ್ನು ಸಂಸ್ಕರಿಸುವ ವಿಶ್ವವಿದ್ಯಾಲಯಗಳಿಗೆ ಸರ್ಕಾರ ಯಾಕೆ, ಎಷ್ಟು ಕಾಲ ಹಣ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಆ ಕಥೆಯಿಂದಲೇ ಶುರು ಮಾಡಬೇಕು.

1978ರ ಅಕ್ಟೋಬರ್‌ನಲ್ಲಿ ಅಮೆರಿಕ ಟೈರೋಸ್-ಎನ್ ಎಂಬ ಹವಾಮಾನ ಉಪಗ್ರಹವನ್ನು ಹಾರಿಸಿತು. ಅದರಲ್ಲಿದ್ದ ಮೈಕ್ರೋವೇವ್ ಸೌಂಡಿಂಗ್ ಯೂನಿಟ್ ಎಂಬ ಉಪಕರಣ ಗಾಳಿಯಲ್ಲಿರುವ ಆಮ್ಲಜನಕ ಹೊಮ್ಮಿಸುವ ಸೂಕ್ಷ್ಮ ತರಂಗಗಳನ್ನು ಹಿಡಿಯುತ್ತಿತ್ತು. ಗಾಳಿ ಬಿಸಿಯಾದಷ್ಟೂ ಆ ತರಂಗ ಬಲವಾಗುತ್ತದೆ. ನಾಳಿನ ಹವೆ ಹೇಳುವುದಕ್ಕೆಂದೇ ಮಾಡಿದ್ದ ಉಪಕರಣ ಅದು. ನಲವತ್ತು ವರ್ಷದ ಹವಾಮಾನ ಬದಲಾವಣೆ ಅಳೆಯುವ ಉದ್ದೇಶ ಅದಕ್ಕಿರಲಿಲ್ಲ. ಮುಂದೆ ಇದೇ ಬಗೆಯ ಉಪಕರಣ ಹೊತ್ತು ಒಟ್ಟು ಒಂಬತ್ತು ಉಪಗ್ರಹಗಳು ಒಂದರ ಹಿಂದೆ ಒಂದು ಹಾರಿದವು.

ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ ನಾಸಾ ಕೇಂದ್ರದ ರಾಯ್ ಸ್ಪೆನ್ಸರ್ ಮತ್ತು ಅಲ್ಲಿನ ವಿಶ್ವವಿದ್ಯಾಲಯದ ಜಾನ್ ಕ್ರಿಸ್ಟಿ ಈ ತುಣುಕುಗಳನ್ನು ಒಂದೇ ದಾರಕ್ಕೆ ಪೋಣಿಸಿ 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಉಪಗ್ರಹ ಸಾಯುವ ಮುಂಚೆ ಇನ್ನೊಂದು ಹಾರಿದ್ದರೆ, ಎರಡೂ ಒಟ್ಟಿಗೆ ಓದಿದ ತಿಂಗಳುಗಳನ್ನು ಹೋಲಿಸಿ ಹೊಸದನ್ನು ಹಳೆಯದಕ್ಕೆ ಹೊಂದಿಸಬೇಕು. ಹಳೇ ಕೊಳಗದಿಂದ ಅಳೆದ ಜೋಳವನ್ನು ಹೊಸ ಕೊಳಗದಿಂದ ಮತ್ತೊಮ್ಮೆ ಅಳೆದು ವ್ಯತ್ಯಾಸ ಬರೆದಿಟ್ಟುಕೊಂಡಂತೆ. ಈ ಕೆಲಸಕ್ಕೆ ಹಣ ಬಂದದ್ದು ನಾಸಾ, ನೋವಾ ಎಂದು ಕರೆಯುವ ಅಲ್ಲಿನ ಸಾಗರ ಮತ್ತು ವಾತಾವರಣ ಇಲಾಖೆ, ಹಾಗೂ ಇಂಧನ ಇಲಾಖೆಯಿಂದ.

ಅವರ ದಾಖಲೆ ಆ ವರ್ಷಗಳಲ್ಲಿ ಭೂಮಿ ಕಾಯುತ್ತಿರುವುದನ್ನು ತೋರಿಸಲಿಲ್ಲ. ನೆಲದ ಮೇಲಿನ ಥರ್ಮಾಮೀಟರುಗಳು ಬೇರೆ ಹೇಳುತ್ತಿದ್ದವು. 1998ರಲ್ಲಿ ಕ್ಯಾಲಿಫೋರ್ನಿಯಾದ ರಿಮೋಟ್ ಸೆನ್ಸಿಂಗ್ ಸಿಸ್ಟಮ್ಸ್ ಎಂಬ ಸಂಸ್ಥೆಯ ಫ್ರಾಂಕ್ ವೆಂಟ್ಜ್ ಮತ್ತು ಮಥಿಯಾಸ್ ಶಾಬೆಲ್ ಒಂದು ಕಾರಣ ಹಿಡಿದು ಕೊಟ್ಟರು. ಮೇಲಿನ ತೆಳುಗಾಳಿಯ ತಡೆಯಿಂದ ಉಪಗ್ರಹ ವರ್ಷಕ್ಕೆ ಸುಮಾರು ಒಂದು ಕಿಲೋಮೀಟರ್ ಕೆಳಗೆ ಇಳಿಯುತ್ತದೆ, ನೋಡುವ ಕೋನ ಬದಲಾಗುತ್ತದೆ, ಅಂಕಿ ತಂಪಿನ ಕಡೆ ಜಾರುತ್ತದೆ.

ಆಮೇಲೆ ಬಂದದ್ದು ನಮ್ಮ ಮೇಷ್ಟ್ರು ಹೇಳಿದ ಮಾತು. ಉಪಗ್ರಹದ ಕಕ್ಷೆ ನಿಧಾನಕ್ಕೆ ಓಲುತ್ತದೆ. ಮಧ್ಯಾಹ್ನ ಎರಡಕ್ಕೆ ಒಂದು ಊರಿನ ಮೇಲೆ ಹಾಯುತ್ತಿದ್ದದ್ದು ಕೆಲವು ವರ್ಷಗಳಲ್ಲಿ ಮೂರಕ್ಕೆ, ನಾಲ್ಕಕ್ಕೆ ಹಾಯುತ್ತದೆ. ಬಿಸಿಲು ಇಳಿದ ಹೊತ್ತಿನ ಅಂಕಿ ದಾಖಲೆಯಲ್ಲಿ ತಂಪಾಗಿ ಕಾಣುತ್ತದೆ. ಹಂಟ್ಸ್‌ವಿಲ್ ತಂಡ ಇದಕ್ಕೆ ತಿದ್ದುಪಡಿ ಹಾಕಿತ್ತು, ಆದರೆ ಒಂದು ಕಡೆ ಕೂಡುವಲ್ಲಿ ಕಳೆದಿತ್ತು. 2005ರಲ್ಲಿ ಅದೇ ಕ್ಯಾಲಿಫೋರ್ನಿಯಾ ಸಂಸ್ಥೆಯ ಕಾರ್ಲ್ ಮಿಯರ್ಸ್ ಮತ್ತು ವೆಂಟ್ಜ್ ಅದನ್ನು ತೋರಿಸಿದರು. ಸ್ಪೆನ್ಸರ್ ಮತ್ತು ಕ್ರಿಸ್ಟಿ ಒಪ್ಪಿಕೊಂಡು ತಿದ್ದಿದರು. ದಶಕಕ್ಕೆ 0.09 ಡಿಗ್ರಿ ಸೆಲ್ಸಿಯಸ್ ಆಸುಪಾಸಿದ್ದ ಏರಿಕೆ 0.12ರ ಆಸುಪಾಸಿಗೆ ಬಂತು.

ಹಣ ಕೊಟ್ಟವರಿಗೆ ಬೇಕಾದ ಉತ್ತರವನ್ನೇ ವಿಜ್ಞಾನಿಗಳು ಕೊಡುತ್ತಾರೆ ಎಂಬ ಆರೋಪ ಆ ದೇಶದಲ್ಲೂ ಇದೆ, ನಮ್ಮಲ್ಲೂ ಇದೆ. ಈ ಪ್ರಕರಣದಲ್ಲಿ ಒಂದೇ ಸರ್ಕಾರದ ಹಣ ತಪ್ಪು ಮಾಡಿದ ತಂಡಕ್ಕೂ ಹೋಗಿತ್ತು, ತಪ್ಪು ಹಿಡಿದ ತಂಡಕ್ಕೂ ಹೋಗಿತ್ತು. ನನಗೆ ಇದು ಇಡೀ ಕಥೆಯ ಜೀವಾಳ ಎನಿಸುತ್ತದೆ. ಒಂದೇ ಕೆಲಸಕ್ಕೆ ಇಬ್ಬರಿಗೆ ಯಾಕೆ ದುಡ್ಡು ಎಂದು ಯಾವುದಾದರೂ ಲೆಕ್ಕಪತ್ರ ಅಧಿಕಾರಿ ಎರಡನೆಯ ತಂಡವನ್ನು ಕಿತ್ತುಹಾಕಿದ್ದರೆ ಆ ತಪ್ಪು ಇನ್ನೆಷ್ಟು ಕಾಲ ಉಳಿಯುತ್ತಿತ್ತೋ. ಮುಂದೆ ನೋವಾ ಎರಡೂ ತಂಡಗಳ ದಾಖಲೆಗಳನ್ನು ತನ್ನ ಹವಾಮಾನ ದಾಖಲೆ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ಅಲ್ಲಿಗೆ ಅಂಕಿಗಳ ಜೊತೆ ಲೆಕ್ಕ ಮಾಡಿದ ಕಂಪ್ಯೂಟರ್ ಕೋಡನ್ನೂ ವಿಧಾನದ ವಿವರವನ್ನೂ ಒಪ್ಪಿಸಬೇಕು.

ಇದು ಧಾರವಾಡಕ್ಕೆ ಯಾಕೆ ಸಂಬಂಧ? ನಮ್ಮ ತಲೆಯ ಮೇಲಿನ ಗಾಳಿಯನ್ನು ಬಲೂನು ಹಾರಿಸಿ ಅಳೆಯುವ ಹತ್ತಿರದ ಊರುಗಳೆಂದರೆ ಪಣಜಿ, ಮಂಗಳೂರು, ಬೆಂಗಳೂರು. ಬೆಳಿಗ್ಗೆ ಮತ್ತು ಸಂಜೆ ಐದೂವರೆಯ ಲೆಕ್ಕಕ್ಕೆ ಅಲ್ಲಿ ಬಲೂನು ಏರುತ್ತದೆ. ಘಟ್ಟದ ಮೇಲಿನ ಧಾರವಾಡ, ಅಲ್ಲಿಂದ ಮಳೆ ಕಡಿಮೆಯಾಗುತ್ತ ಹೋಗುವ ಅಣ್ಣಿಗೇರಿ, ಗದಗ, ಮುಂಡರಗಿ ಸೀಮೆಯ ಮೇಲಿನ ತೇವ ಎಷ್ಟು ಎತ್ತರದಲ್ಲಿ ಎಷ್ಟಿದೆ ಎಂದು ದಿನವೂ ನೋಡುವುದು ಉಪಗ್ರಹವೊಂದೇ. 2013ರ ಜುಲೈ 26ರಂದು ಹಾರಿದ ಇನ್ಸಾಟ್-3ಡಿಯಲ್ಲಿ ಗಾಳಿಯ ತಾಪ, ತೇವವನ್ನು ಎತ್ತರದ ಪದರ ಪದರವಾಗಿ ಅಳೆಯುವ, 19 ಚಾನೆಲ್‌ಗಳ ಸೌಂಡರ್ ಎಂಬ ಉಪಕರಣ ಇತ್ತು. 2016ರಲ್ಲಿ 3ಡಿಆರ್, 2024ರ ಫೆಬ್ರುವರಿಯಲ್ಲಿ 3ಡಿಎಸ್ ಬಂದವು. ಕೊನೆಯದಕ್ಕೆ ಪೂರ್ತಿ ಹಣ ಕೊಟ್ಟದ್ದು ಕೇಂದ್ರದ ಭೂವಿಜ್ಞಾನ ಸಚಿವಾಲಯ. ಆದರೆ ಈ ಸೌಂಡರ್‌ಗಳು ಮುಖ್ಯವಾಗಿ ಇನ್‌ಫ್ರಾರೆಡ್ ಕಿರಣ ನೋಡುವಂಥವು, ದಟ್ಟ ಮೋಡದ ಒಳಗಿನದು ಅವಕ್ಕೆ ಕಾಣುವುದಿಲ್ಲ. ಆರಿದ್ರಾ, ಪುನರ್ವಸು ಮಳೆಯ ಹೊತ್ತಿಗೆ ನಮ್ಮ ಮೇಲೆ ಇರುವುದೇ ಮೋಡ. ಹೆಸರು, ಸೋಯಾ ಬಿತ್ತಿದ ರೈತನಿಗೆ ಎಡೆ ಹೊಡೆಯಲು ಹೊರಪು ಸಿಗುತ್ತದೋ ಇಲ್ಲವೋ ತಿಳಿಯಬೇಕಾದ ದಿನಗಳೂ ಅವೇ.

ಆ ಕೊರತೆಯನ್ನು ಕೆಲಮಟ್ಟಿಗೆ ತುಂಬುವಂಥ ಉಪಕರಣ ಇದ್ದದ್ದು ಮೇಘಾ-ಟ್ರಾಪಿಕ್ಸ್ ಎಂಬ ಉಪಗ್ರಹದಲ್ಲಿ. ಇಸ್ರೋ ಮತ್ತು ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆ ಸೇರಿ 2011ರ ಅಕ್ಟೋಬರ್ 12ರಂದು ಅದನ್ನು ಹಾರಿಸಿದವು. ಸಮಭಾಜಕಕ್ಕೆ 20 ಡಿಗ್ರಿ ಓರೆಯಾದ ಕಕ್ಷೆ, ಹಾಗಾಗಿ ನಮ್ಮ ಅಕ್ಷಾಂಶದ ಮೇಲೆ ದಿನಕ್ಕೆ ಹಲವು ಸಲ ಹಾಯುತ್ತಿತ್ತು. ಅದರ ಸಫೀರ್ ಎಂಬ ಮೈಕ್ರೋವೇವ್ ಉಪಕರಣ ತೆಳು ಮೋಡವನ್ನು ದಾಟಿ ಗಾಳಿಯ ತೇವವನ್ನು ಆರು ಚಾನೆಲ್‌ಗಳಲ್ಲಿ ಅಳೆಯುತ್ತಿತ್ತು. ಮೂರು ವರ್ಷ ಬಾಳಿದರೆ ಸಾಕೆಂದು ಹಾರಿಸಿದ ಉಪಗ್ರಹ 2021ರವರೆಗೂ ಮಾಹಿತಿ ಕೊಟ್ಟಿತು.

ಆ ಮಾಹಿತಿಯನ್ನು ಅರಗಿಸಿಕೊಳ್ಳಬೇಕಾದ ಪ್ರಾಜೆಕ್ಟುಗಳಿಗೆ ಅಷ್ಟು ಆಯಸ್ಸು ಇರುವುದಿಲ್ಲ. ವಿಶ್ವವಿದ್ಯಾಲಯಗಳ ಸಂಶೋಧನೆಗೆ ಹಣ ಕೊಡಲು ಇಸ್ರೋ 1970ರ ದಶಕದಿಂದ ರೆಸ್ಪಾಂಡ್ ಎಂಬ ಯೋಜನೆ ನಡೆಸಿಕೊಂಡು ಬಂದಿದೆ. ಒಳ್ಳೆಯ ಯೋಜನೆ, ಎಷ್ಟೋ ಹುಡುಗರಿಗೆ ಅದು ದಾರಿ ತೋರಿಸಿದೆ. ಇಂಥ ಪ್ರಾಜೆಕ್ಟುಗಳ ಅವಧಿ ಸಾಮಾನ್ಯವಾಗಿ ಮೂರು ವರ್ಷ. ಮೊದಲ ವರ್ಷ ಕಂಪ್ಯೂಟರ್ ಖರೀದಿಗೆ ಕೊಟೇಶನ್, ಜೆಆರ್‌ಎಫ್ ಎಂಬ ಕಿರಿಯ ಸಂಶೋಧಕನ ನೇಮಕಕ್ಕೆ ಸಂದರ್ಶನ. ಎರಡನೆಯ ವರ್ಷ ಹುಡುಗ ಕೆಲಸ ಕಲಿಯುತ್ತಾನೆ. ಮೂರನೆಯ ವರ್ಷದ ಹಣ ಬಿಡುಗಡೆಯಾಗಬೇಕಾದರೆ ಹಿಂದಿನ ವರ್ಷದ ಹಣ ಖರ್ಚಾದ ಬಗ್ಗೆ ಯುಟಿಲೈಜೇಶನ್ ಸರ್ಟಿಫಿಕೇಟ್ ಹೋಗಬೇಕು, ಅದಕ್ಕೆ ಹಣಕಾಸು ಅಧಿಕಾರಿಯ ಸಹಿ ಬೀಳಬೇಕು.

ಹಳ್ಳಿಗೆ ಹತ್ತಿರದ ಕೊಂಡಿಯೂ ಹೀಗೆ ತುಂಡಾದದ್ದೇ. ರೈತರಿಗೆ ಹವಾಮಾನ ಸಲಹೆ ಕೊಡುವ ಸೇವೆ 1991ರಲ್ಲಿ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಅಡಿಯಲ್ಲಿ ಶುರುವಾಗಿ 2007ರಲ್ಲಿ ಹವಾಮಾನ ಇಲಾಖೆಗೆ ಬಂತು. ಧಾರವಾಡ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಇರುವ ಘಟಕಗಳು ಮಂಗಳವಾರ, ಶುಕ್ರವಾರ ಬುಲೆಟಿನ್ ಹೊರಡಿಸುತ್ತವೆ. ಬೆಳೆಯ ಹಸಿರು, ಮಣ್ಣಿನ ಹಸಿ ಕುರಿತ ಉಪಗ್ರಹದ ಅಂದಾಜುಗಳೂ ಇಂಥ ಸಲಹೆಗೆ ಆಧಾರ. 2018ರಿಂದ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಜಿಲ್ಲಾ ಘಟಕಗಳನ್ನು ತೆರೆದರು. ದೇಶದಲ್ಲಿ 199 ಆಗಿದ್ದವು. ಪ್ರತಿ ಘಟಕಕ್ಕೆ ಒಬ್ಬ ತಜ್ಞ, ಒಬ್ಬ ವೀಕ್ಷಕ, ಇಬ್ಬರೂ ಗುತ್ತಿಗೆಯವರು. 2024ರ ಜನವರಿಯಲ್ಲಿ ಆದೇಶ ಬಂತು, ಆ ಹಣಕಾಸು ವರ್ಷದ ಕೊನೆಗೆ ಮುಚ್ಚಬೇಕು ಎಂದು. ಮಾಹಿತಿ ಸಂಗ್ರಹ ಈಗ ಯಂತ್ರದಿಂದಲೇ ಆಗುತ್ತದೆ, ಸಿಬ್ಬಂದಿ ಬೇಡ ಎಂಬ ವಾದ ಅದರ ಹಿಂದಿತ್ತು. ಯಂತ್ರ ಅಂಕಿ ಕಳಿಸುತ್ತದೆ, ನಿಜ. ಎರೆಹೊಲಕ್ಕೆ ಆ ಅಂಕಿಯ ಅರ್ಥ ಒಂದು, ಮಸಾರಿಗೆ ಇನ್ನೊಂದು. ಅದನ್ನು ಬಿಡಿಸಿ ಹೇಳುತ್ತಿದ್ದದ್ದು ಆ ಗುತ್ತಿಗೆಯ ಹುಡುಗರು.

ಗದಗ ಕಡೆಯ ನನ್ನ ಗೆಳೆಯನೊಬ್ಬ ಮೇಘಾ-ಟ್ರಾಪಿಕ್ಸ್ ಮಾಹಿತಿ ಮೇಲೆ ಕೆಲಸ ಮಾಡಿದವನು. ಅವನಿದ್ದ ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಮುಂಗಾರಿನ ದಿನಗಳಲ್ಲಿ ಪಶ್ಚಿಮ ಘಟ್ಟದಿಂದ ಪೂರ್ವಕ್ಕೆ ತೇವ ಹೇಗೆ ಇಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದ. ಪ್ರಾಜೆಕ್ಟ್ ಮುಗಿದ ಮೇಲೆ ನವೀಕರಣಕ್ಕೆ ಏಳು ತಿಂಗಳು ಸಂಬಳವಿಲ್ಲದೆ ಕಾದ. ಆಮೇಲೆ ಹುಬ್ಬಳ್ಳಿಯಲ್ಲಿ ಬೇರೆ ನೌಕರಿ ಹಿಡಿದ.

ಮೇಘಾ-ಟ್ರಾಪಿಕ್ಸ್ ಉಪಗ್ರಹವನ್ನು 2023ರ ಮಾರ್ಚ್ 7ರಂದು ಇಸ್ರೋ ತಾನೇ ನಿಯಂತ್ರಿಸಿ ಕೆಳಗಿಳಿಸಿ ಪೆಸಿಫಿಕ್ ಸಾಗರದ ಮೇಲೆ ಸುಟ್ಟುಹಾಕಿತು. ಅದರ ಮಾಹಿತಿ ಅಹಮದಾಬಾದಿನ ಇಸ್ರೋ ಕೇಂದ್ರದಲ್ಲಿ ಭದ್ರವಾಗಿದೆ. ಹೋದ ವರ್ಷ ಹೊಸ ವಿದ್ಯಾರ್ಥಿಯೊಬ್ಬಳು ನನ್ನ ಗೆಳೆಯನ ಹಳೆಯ ಪ್ರಬಂಧ ಓದಿ ಫೋನ್ ಮಾಡಿದ್ದಳಂತೆ, 2014ರ ಅಂಕಿಗಳಿಗೆ ಯಾವ ತಿದ್ದುಪಡಿ ಹಾಕಿದ್ದಿರಿ ಸರ್ ಎಂದು. ಅವನು ಎರಡು ದಿನ ಹುಡುಕಿದ. ಒಂದು ನೋಟ್‌ಬುಕ್ ಸಿಕ್ಕಿತು, ಅದರಲ್ಲಿ ಅರ್ಧ ಲೆಕ್ಕ ಇತ್ತು. ಉಳಿದದ್ದು ಪ್ರಾಜೆಕ್ಟಿನ ಕಂಪ್ಯೂಟರಿನಲ್ಲಿತ್ತು. ವಿಭಾಗಕ್ಕೆ ಹೋಗಿ ಕೇಳಿದರೆ, ಹಳೇ ಕಂಪ್ಯೂಟರುಗಳನ್ನೆಲ್ಲ ಹರಾಜು ಹಾಕಿ ಆಗಿದೆ ಎಂದರಂತೆ.