ಫಿಲ್ಟರ್ ನೆನೆಸಿದ ನೀರಲ್ಲಿ ಕಡಲುಪ್ಪಿನ ಹುಳಿ ಸಿಗದು

ನೊರೆಗುಳ್ಳೆ ಒಡೆದು ಗಾಳಿಗೆ ಹಾರುವ ಕಡಲ ಹನಿ ಹುಟ್ಟುವಾಗ ಕ್ಷಾರೀಯ, ಪಿಎಚ್ ಸುಮಾರು 8. ಆದರೆ ಅದರ ಕ್ಷಾರದ ಗಂಟು ಬಲು ಚಿಕ್ಕದು: ಒಂದು ಕಿಲೋ ಕಡಲ ನೀರಿನಲ್ಲಿ ಸೋಡಿಯಂ 469 ಮಿಲಿಮೋಲ್ ಇದ್ದರೆ ಕ್ಷಾರತೆ (ಆಮ್ಲವನ್ನು ತಣಿಸುವ ಶಕ್ತಿ) ಬರೀ 2.3. ಚಳಿಗಾಲದಲ್ಲಿ ಗಂಗಾ ಬಯಲಿನ ಹೊಗೆ ಬಂಗಾಳ ಕೊಲ್ಲಿಯ ಮೇಲೆ ಹರಡಿದಾಗ, ಅದರೊಳಗಿನ ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲ ಈ ಗಂಟನ್ನು ಬೇಗನೆ ಕರಗಿಸುತ್ತವೆ. ಸಣ್ಣ ಕಣಕ್ಕೆ ನಿಮಿಷಗಳು ಸಾಕು.

ಆಮೇಲೆ ಬಂದ ಆಮ್ಲ ಕ್ಲೋರೈಡನ್ನು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಹೊರದಬ್ಬುತ್ತದೆ. ಹುಳಿ ಹೀಗೆ ಆವಿಯಾಗಿ ಹೋಗುತ್ತಿರುವುದರಿಂದಲೇ ದಪ್ಪ ಕಣದ ಪಿಎಚ್ ಸಾಮಾನ್ಯವಾಗಿ 3–4ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಸಣ್ಣ ಕಣ 2ಕ್ಕೂ ಇಳಿಯಬಹುದು.

ಈ ಹುಳಿ ಅಳೆಯಲು, ಗಾಳಿಯ ಕಣಗಳನ್ನು ಹಿಡಿದ ಫಿಲ್ಟರನ್ನು ನೀರಲ್ಲಿ ನೆನೆಸಿ ಪಿಎಚ್ ಮೀಟರ್ ಅದ್ದಿದರಾಯಿತಲ್ಲ? ಆಗದು. ಒಂದು ಘನ ಮೀಟರ್ ಗಾಳಿಯ ಕಣಗಳಲ್ಲಿ 50 ಮೈಕ್ರೊಗ್ರಾಂ ನೀರಿದೆ, ಪಿಎಚ್ 3 ಎಂದಿಟ್ಟುಕೊಳ್ಳಿ. 24 ಘನ ಮೀಟರ್ ಗಾಳಿ ಎಳೆದ ಫಿಲ್ಟರನ್ನು 24 ಮಿಲಿಲೀಟರ್ ನೀರಿಗೆ ಹಾಕಿದರೆ ಹುಳಿ 20,000 ಪಟ್ಟು ತೆಳುವಾಯಿತು. ಉಳಿದದ್ದು ಶುದ್ಧ ನೀರಿನದೇ ಹೈಡ್ರೋಜನ್ ಅಯಾನಿನ ಅರ್ಧದಷ್ಟು! ಸಾಲದ್ದಕ್ಕೆ, ತೆರೆದಿಟ್ಟ ನೀರು ಇಂಗಾಲದ ಡೈಆಕ್ಸೈಡ್ ಹೀರಿ ತಾನೇ 5.6 ತೋರಿಸುತ್ತದೆ.

ಹಾಗಾಗಿ ಅಯಾನ್ ಕ್ರೊಮ್ಯಾಟೋಗ್ರಫಿಯಲ್ಲಿ (ನೀರಲ್ಲಿ ಕರಗಿದ ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಕ್ಲೋರೈಡ್ ಕೊರತೆ ನೋಡುವುದೇ ಮೊದಲ ಹೆಜ್ಜೆ. ಕಡಲ ನೀರಿನಲ್ಲಿ ತೂಕದ ಲೆಕ್ಕದಲ್ಲಿ ಕ್ಲೋರೈಡ್ ಸೋಡಿಯಂನ 1.8 ಪಟ್ಟು. ಸೋಡಿಯಂ 2 ಮೈಕ್ರೊಗ್ರಾಂ ಸಿಕ್ಕರೆ ಕ್ಲೋರೈಡ್ 3.6 ಇರಬೇಕಿತ್ತು, 2.16 ಸಿಕ್ಕಿದ್ದರೆ ಕೊರತೆ 40%. ಸೋಡಿಯಂ ಕಡಲಿನದೇ ಹೌದೇ ಎಂದು ಮೆಗ್ನೀಸಿಯಂ ಹಿಡಿದು ಪರೀಕ್ಷಿಸಿ, ಸೋಡಿಯಂಗೆ ಅದರ ತೂಕದ ಅನುಪಾತ 0.12ರ ಹತ್ತಿರ ಇರಬೇಕು. ದೂಳು ಬೆರೆತರೆ ಇದು ಏರುತ್ತದೆ. ಕಸ ಸುಟ್ಟ ಹೊಗೆಯ ಕ್ಲೋರೈಡ್ ಸೇರಿದರೆ ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಬರಿಗೈಯಲ್ಲಿ ಫಿಲ್ಟರ್ ಮುಟ್ಟಿದರೆ ಬೆವರಿನ ಉಪ್ಪೂ ಲೆಕ್ಕಕ್ಕೆ ಬರುತ್ತದೆ.

ಹೆಚ್ಚಿನವರು ಎಡವುವುದು ಬೇರೆ ಕಡೆ. ಗಾಳಿಯಲ್ಲಿ ಬೇರೆಬೇರೆಯಾಗಿದ್ದ ಸಣ್ಣ ಹುಳಿಕಣವೂ ದಪ್ಪ ಉಪ್ಪಿನ ಕಣವೂ ಒಂದೇ ಫಿಲ್ಟರ್ ಮೇಲೆ ಒತ್ತೊತ್ತಾಗಿ ಕೂತು ಅಲ್ಲೇ ಒಂದರೊಡನೊಂದು ರಾಸಾಯನಿಕವಾಗಿ ವರ್ತಿಸುತ್ತವೆ. ಕ್ಲೋರೈಡ್ ಹೋದದ್ದು ಸಮುದ್ರದ ಮೇಲಲ್ಲ, ನಿಮ್ಮ ಉಪಕರಣದೊಳಗೆ. ಕಣಗಳನ್ನು ಗಾತ್ರವಾರು ಬೇರ್ಪಡಿಸುವ ಇಂಪ್ಯಾಕ್ಟರ್ ಬಳಸಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ಕೊರತೆ ಹೇಳುವುದು ಈವರೆಗೆ ಎಷ್ಟು ಆಮ್ಲ ಬಂದು ಹೋಯಿತು ಎಂಬುದನ್ನು, ಈಗಿನ ಪಿಎಚ್ ಅನ್ನಲ್ಲ. ಈಗಿನ ಪಿಎಚ್ ತಿಳಿಯಲು ಐಸೊರೊಪಿಯಾದಂಥ ಉಷ್ಣಗತಿ ಮಾದರಿ (ಕಣ ಮತ್ತು ಆವಿಯ ಸಮತೋಲನವನ್ನು ಲೆಕ್ಕಹಾಕುವ ಕಂಪ್ಯೂಟರ್ ಮಾದರಿ) ಬೇಕು. ಕಣದ ಅಯಾನುಗಳನ್ನಷ್ಟೇ ಕೊಟ್ಟರೆ ಅಳತೆಯ ಸಣ್ಣ ದೋಷವೂ ಪಿಎಚ್ ಅನ್ನು ಹಲವು ಅಂಕ ಅಲುಗಿಸುತ್ತದೆ. ಅದೇ ಹೊತ್ತಿನ ಗಾಳಿಯ ಅಮೋನಿಯಾ, ನೈಟ್ರಿಕ್ ಆಮ್ಲದ ಆವಿ, ತೇವಾಂಶ, ಉಷ್ಣತೆಯನ್ನೂ ಕೊಡಬೇಕು.