ಗೌಜಲಹಕ್ಕಿಯ ಆಹಾರಕ್ಕೆ ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪು: ಎಷ್ಟು ಬೆರೆಸಬೇಕು?

ಪ್ರಶ್ನೆ: ಜಪಾನಿ ಗೌಜಲಹಕ್ಕಿಗಳ ಆಹಾರಕ್ಕೆ ಅರಿಶಿನ, ಬೆಳ್ಳುಳ್ಳಿ, ನುಗ್ಗೆಸೊಪ್ಪಿನ ಪುಡಿ ಬೆರೆಸಿದರೆ ರೋಗ ಕಡಿಮೆಯಾಗಿ ಮೊಟ್ಟೆ ಹೆಚ್ಚುತ್ತದೆ ಎನ್ನುತ್ತಾರೆ. ಇದು ನಿಜವೇ? ಎಷ್ಟು ಬೆರೆಸಬೇಕು?

ಉತ್ತರ: ಬೆರೆಸಬಹುದು, ಪ್ರಯೋಜನವೂ ಇದೆ, ಆದರೆ ಮೂಲ ಆಹಾರ ಸರಿಯಾಗಿದ್ದಾಗ ಮಾತ್ರ. ಮೊಟ್ಟೆಯೊಡೆದು ಬಂದಾಗ ಹತ್ತು ಗ್ರಾಂ ಕೂಡ ತೂಗದ ಮರಿ ಐದು ವಾರಗಳಲ್ಲಿ ಮಾಂಸದ ಮಾರಾಟಕ್ಕೆ ಸಿದ್ಧವಾಗಿ, ಆರೇಳು ವಾರಕ್ಕೆ ಮೊಟ್ಟೆಯಿಡಲು ತೊಡಗುತ್ತದೆ. ಇಷ್ಟು ವೇಗವಾಗಿ ಬೆಳೆಯುವ ಮರಿಗೆ ಸುಮಾರು ಶೇ 24ರಷ್ಟು ಪ್ರೋಟೀನ್ ಇರುವ ಆಹಾರ ಬೇಕು. ಮೊಟ್ಟೆಯಿಡುವ ಹಕ್ಕಿಗೆ ಶೇ 20ರಷ್ಟು ಪ್ರೋಟೀನಿನ ಜೊತೆಗೆ ಶೇ 2.5ರಷ್ಟಾದರೂ ಕ್ಯಾಲ್ಸಿಯಂ ಇರಬೇಕು. ಮೊಟ್ಟೆ ಕೋಳಿಯ ಆಹಾರವನ್ನೇ ಗೌಜಲಹಕ್ಕಿಗೂ ಹಾಕುತ್ತಿದ್ದರೆ ಅದರಲ್ಲಿ ಪ್ರೋಟೀನ್ ಸಾಲದು, ಆ ಕೊರತೆಯನ್ನು ಯಾವ ಮೂಲಿಕೆಯೂ ತುಂಬಲಾರದು.

ಬೆಳವಣಿಗೆಗಾಗಿ ಆಹಾರದಲ್ಲಿ ಆಂಟಿಬಯಾಟಿಕ್ ಬೆರೆಸುವುದನ್ನು ಐರೋಪ್ಯ ಒಕ್ಕೂಟ 2006ರಲ್ಲಿ ಪೂರ್ತಿಯಾಗಿ ನಿಲ್ಲಿಸಿದ ಮೇಲೆ ಸಸ್ಯಮೂಲದ ಪದಾರ್ಥಗಳತ್ತ ಎಲ್ಲೆಡೆ ಗಮನ ಹೆಚ್ಚಿತು. ಭಾರತವೂ 2019ರಲ್ಲಿ ಪಶು, ಕೋಳಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್‌ನ ಬಳಕೆಯನ್ನು ನಿಷೇಧಿಸಿತು. ಹೀಗೆ ಬಳಕೆಗೆ ಬಂದವುಗಳಲ್ಲಿ ಅರಿಶಿನ ನಮಗೆ ಸುಲಭವಾಗಿ ಸಿಗುವಂಥದ್ದು. ಒಂದು ಕಿಲೋ ಆಹಾರಕ್ಕೆ 5 ಗ್ರಾಂ ಪುಡಿ ಸಾಕು. ದಿನಕ್ಕೆ 25 ಗ್ರಾಂ ತಿನ್ನುವ ಹಕ್ಕಿಗೆ ಅದರಿಂದ ಸಿಗುವುದು ಒಂದು ಗ್ರಾಂನ ಎಂಟನೇ ಒಂದು ಭಾಗ ಮಾತ್ರ. ಆದ್ದರಿಂದ ಬೆರೆಸುವ ಕ್ರಮವೇ ಇಲ್ಲಿ ಮುಖ್ಯವಾಗುತ್ತದೆ. ನೂರು ಕಿಲೋ ಆಹಾರಕ್ಕೆ ಬೇಕಾದ ಅರ್ಧ ಕಿಲೋ ಅರಿಶಿನವನ್ನು ಮೊದಲು ಎರಡು ಕಿಲೋ ಮೆಕ್ಕೆಜೋಳದ ನುಚ್ಚಿನಲ್ಲಿ ಕಲಸಿ, ಅದನ್ನು ಹತ್ತು ಕಿಲೋ ಆಹಾರದಲ್ಲಿ ಬೆರೆಸಿ, ಕೊನೆಗೆ ಇಡೀ ರಾಶಿಗೆ ಸೇರಿಸಿ ತಿರುವಬೇಕು. ನೇರವಾಗಿ ಮೇಲೆ ಉದುರಿಸಿದರೆ ಕೆಲವು ಹಕ್ಕಿಗಳಿಗೆ ಅತಿಯಾಗುತ್ತದೆ, ಉಳಿದವಕ್ಕೆ ಸಿಗುವುದೇ ಇಲ್ಲ. ಅಂಗಡಿಯ ಅಗ್ಗದ ಪುಡಿಯಲ್ಲಿ ಬಣ್ಣದ ಕಲಬೆರಕೆ ಇರಬಹುದಾದ್ದರಿಂದ, ಚಾಮರಾಜನಗರದಂಥ ಅರಿಶಿನ ಬೆಳೆಯುವ ಕಡೆ ಇರುವವರು ರೈತರಿಂದಲೇ ಒಣ ಕೊಂಬು ಕೊಂಡು ಪುಡಿ ಮಾಡಿಸುವುದು ಒಳ್ಳೆಯದು.

ಬೆಳ್ಳುಳ್ಳಿಯ ಗುಣಕ್ಕೆ ಕಾರಣವಾದ ಅಲಿಸಿನ್ ಅದನ್ನು ಜಜ್ಜಿದಾಗ ಉಂಟಾಗುತ್ತದೆ. ಹುರಿದರೆ ಆ ಕ್ರಿಯೆಗೆ ಬೇಕಾದ ಕಿಣ್ವವೇ ನಾಶವಾಗುವುದರಿಂದ, ತೆಳುವಾಗಿ ಹೆಚ್ಚಿ ಹದವಾದ ಬಿಸಿಯಲ್ಲಿ ಒಣಗಿಸಿ ಪುಡಿ ಮಾಡಿ, ಕಿಲೋಗೆ 5 ಗ್ರಾಂ ಮೀರದಂತೆ ಬಳಸಿ.

ನುಗ್ಗೆಸೊಪ್ಪಿನ ಒಣಪುಡಿಯಲ್ಲಿ ಸುಮಾರು ಕಾಲು ಭಾಗ ಪ್ರೋಟೀನ್ ಇದೆ, ಜೊತೆಗೆ ಹಳದಿ ಲೋಳೆಗೆ ಬಣ್ಣ ಕೊಡುವ ಕೆರೊಟಿನಾಯ್ಡ್‌ಗಳಿವೆ. ಹಕ್ಕಿ ಇವನ್ನು ತಾನೇ ತಯಾರಿಸಿಕೊಳ್ಳಲಾರದು. ಜೋಳ ಅಥವಾ ನುಚ್ಚಕ್ಕಿಯೇ ಹೆಚ್ಚಿರುವ ಆಹಾರ ತಿಂದ ಹಕ್ಕಿಯ ಮೊಟ್ಟೆಯಲ್ಲಿ ಲೋಳೆ ಪೇಲವವಾಗುವುದು ಇದಕ್ಕೇ. ನೆರಳಲ್ಲಿ ಒಣಗಿಸಿದ ನುಗ್ಗೆಸೊಪ್ಪು ಅಥವಾ ಚೆಂಡುಹೂವಿನ ದಳ ಇದಕ್ಕೆ ತಕ್ಕ ಪರಿಹಾರ. ನುಗ್ಗೆಪುಡಿ ಕಿಲೋಗೆ 50 ಗ್ರಾಂ ದಾಟಬಾರದು. ನಾರಿನಂಶ ಹೆಚ್ಚಿದಷ್ಟೂ ಆಹಾರದ ಶಕ್ತಿ ಕುಗ್ಗುತ್ತದೆ. ಸೊಪ್ಪಿನಲ್ಲಿ ತೇವ ಉಳಿದು ಬೂಷ್ಟು ಹಿಡಿದರೆ ಆ ಆಹಾರವನ್ನು ಎಸೆಯಲೇಬೇಕು.

ಬೇವನ್ನು ಮೊಟ್ಟೆ ಹಕ್ಕಿಗಳಿಗೆ ನಾನು ಸೂಚಿಸುವುದಿಲ್ಲ, ಕಹಿಗೆ ಅವು ತಿನ್ನುವುದನ್ನೇ ಕಡಿಮೆ ಮಾಡುತ್ತವೆ.

ಗೌಜಲಹಕ್ಕಿಗಳನ್ನು ವಿಶೇಷವಾಗಿ ಕಾಡುವ ಕರುಳಿನ ಹುಣ್ಣಿನ ರೋಗಕ್ಕೆ ಕ್ಲಾಸ್ಟ್ರಿಡಿಯಂ ಜಾತಿಯ ಬ್ಯಾಕ್ಟೀರಿಯಾ ಕಾರಣ. ಹಿಕ್ಕೆ ನೀರಾಗಿ, ಹಕ್ಕಿಗಳು ಸಾಯತೊಡಗಿದರೆ ಬೆಳ್ಳುಳ್ಳಿ ನಂಬಿ ಕಾಯದೆ ಅಂದೇ ಪಶುವೈದ್ಯರನ್ನು ಕಾಣಬೇಕು.

ನಿಮ್ಮಲ್ಲಿ ಇದು ಫಲ ಕೊಡುತ್ತಿದೆಯೇ ಎಂದು ತಿಳಿಯಲು, ಒಂದೇ ವಯಸ್ಸಿನ ಹಕ್ಕಿಗಳನ್ನು ಎರಡು ಗೂಡುಗಳಲ್ಲಿಟ್ಟು, ಬೆಳಕು, ನೀರು, ಜಾಗ ಸಮನಾಗಿರಿಸಿ, ಒಂದಕ್ಕೆ ಮಾತ್ರ ಒಂದೇ ಒಂದು ಪದಾರ್ಥ ಬೆರೆಸಿ. ತಿಂದ ಆಹಾರದ ತೂಕ, ಮೊಟ್ಟೆಗಳ ಸಂಖ್ಯೆ, ಸತ್ತ ಹಕ್ಕಿಗಳ ಲೆಕ್ಕವನ್ನು ಕನಿಷ್ಠ ಆರು ವಾರ ಬರೆದಿಡಿ.