ಪಾಲು ಬಿಟ್ಟವರ ಲೆಕ್ಕ

ಮದುವೆಯಾಗಿ ಹೋದ ಹೆಣ್ಣುಮಗಳೊಬ್ಬಳು ತವರಿನ ಆಸ್ತಿಯಲ್ಲಿ ಪಾಲು ಕೇಳಿ ತುಮಕೂರಿನಲ್ಲಿ ದಾವೆ ಹೂಡಿದರೆ, ವಾದಪತ್ರವನ್ನು ಯಾವ ವಕೀಲರು ಬರೆದರೂ ಕೊನೆಯ ಪುಟಗಳಲ್ಲಿ ಒಂದು ವಾಕ್ಯ ಬಂದೇ ಬರುತ್ತದೆ. ವಾದಿಯು ಇತ್ತೀಚೆಗೆ ತನ್ನ ಭಾಗವನ್ನು ವಿಂಗಡಿಸಿಕೊಡುವಂತೆ ಕೇಳಲಾಗಿ ಪ್ರತಿವಾದಿಗಳು ನಿರಾಕರಿಸಿದ್ದರಿಂದ ವ್ಯಾಜ್ಯಕಾರಣ ಉಂಟಾಗಿರುತ್ತದೆ ಎಂಬ ವಾಕ್ಯ ಅದು. ಕೌಟುಂಬಿಕ ಕಾನೂನಿನ ಅಧ್ಯಾಪಕಿಯಾದ ಹೊಸದರಲ್ಲಿ ಅದನ್ನು ವಿದ್ಯಾರ್ಥಿಗಳಿಗೆ ನಮೂನೆಯಾಗಿ ಬರೆಸುತ್ತಿದ್ದೆ. ಇಪ್ಪತ್ತು ವರ್ಷ ಬಾಯಿಬಿಡದವಳು ಈ ವರ್ಷವೇ ಏಕೆ ಕೇಳಿದಳು ಎಂಬುದು ಆ ವಾಕ್ಯದಲ್ಲಿಲ್ಲ. ಇರಬೇಕೆಂದು ಕಾನೂನು ಬಯಸುವುದೂ ಇಲ್ಲ. ನನ್ನ ವೃತ್ತಿಜೀವನದ ಹೆಚ್ಚಿನ ಭಾಗ ಕಳೆದದ್ದು ಆ ಉತ್ತರವನ್ನು ಹುಡುಕುವುದರಲ್ಲಿ.

ಕಾನೂನು ತಡವಾಗಿ ಬಂತು, ಹಳ್ಳಿಯ ಹೆಂಗಸರಿಗೆ ತಿಳಿದಿಲ್ಲ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ, ಮತ್ತು ನಾನೂ ಬಹಳ ಕಾಲ ಅದನ್ನೇ ನಂಬಿದ್ದೆ. ತುಮಕೂರು ಹಳೆಯ ಮೈಸೂರು ಸಂಸ್ಥಾನದ ಜಿಲ್ಲೆ. ಗಂಡಸರು ಆಸ್ತಿ ಹಂಚಿಕೊಳ್ಳುವಾಗ ಮನೆಯ ಮದುವೆಯಾಗದ ಹೆಣ್ಣುಮಕ್ಕಳಿಗೂ ಭಾಗ ಸಲ್ಲಬೇಕೆಂದು ಸಂಸ್ಥಾನ 1933ರಲ್ಲಿಯೇ ಕಾಯಿದೆ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ತೀರಿಕೊಂಡ ತಂದೆಯ ಪಾಲಿನಲ್ಲಿ ಮಗಳನ್ನೂ ವಾರಸುದಾರಳನ್ನಾಗಿ ಮಾಡಿತು. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತಾದರೂ, ಆ ದಿನಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಆ ಒಂದು ತಾರೀಖಿನ ದೆಸೆಯಿಂದ ಲಗ್ನಪತ್ರಿಕೆಗಳು ಸಾಕ್ಷ್ಯಗಳಾದವು. ಮೂಲೆಗೆ ಹಚ್ಚಿದ ಅರಿಶಿನ ಇನ್ನೂ ಮಾಸದ ಪತ್ರಿಕೆಯ ಬೆನ್ನಿಗೆ ನ್ಯಾಯಾಲಯದ ನಿಶಾನೆಯ ಮೊಹರು ಬಿದ್ದಿದ್ದನ್ನು ನಾನು ಕಂಡಿದ್ದೇನೆ. ಮದುವೆಯ ಆ ಗೆರೆಯನ್ನು 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಅಳಿಸಿತು. ತಂದೆ ಅಂದು ಬದುಕಿರಬೇಕೇ ಬೇಡವೇ ಎಂಬ ಬಗ್ಗೆ ಸುಪ್ರೀಂ ಕೋರ್ಟಿನ 2015ರ ಮತ್ತು 2018ರ ತೀರ್ಪುಗಳು ಒಂದಕ್ಕೊಂದು ಹೊಂದಲಿಲ್ಲ (ಎರಡೂ ನಮ್ಮ ರಾಜ್ಯದಿಂದಲೇ ಹೋದ ಪ್ರಕರಣಗಳು). ಬದುಕಿರಬೇಕಾಗಿಲ್ಲ ಎಂದು 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠ ಇತ್ಯರ್ಥ ಮಾಡಿತು.

ಇಷ್ಟೆಲ್ಲ ಆದ ಮೇಲೂ ಉಪನೋಂದಣಾಧಿಕಾರಿ ಕಚೇರಿಗೆ ಅಣ್ಣತಮ್ಮಂದಿರ ಜೊತೆ ಬಂದು, ತಮ್ಮ ಪಾಲನ್ನು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ, ಅವರದೇ ಕಾರಿನಲ್ಲಿ ವಾಪಸಾಗುವ ಅಕ್ಕತಂಗಿಯರು ಕಡಿಮೆಯಾಗಿಲ್ಲ. ಅವರಲ್ಲಿ ಅನೇಕರಿಗೆ ಹಕ್ಕಿನ ವಿಷಯ ಚೆನ್ನಾಗಿಯೇ ಗೊತ್ತು. ಗೊತ್ತಿರುವುದರಿಂದಲೇ ಅಲ್ಲವೇ ಅವರ ಸಹಿ ಬೇಕಾಗಿರುವುದು?

ಇದನ್ನು ಕೇಳಿ ತಿಳಿಯಲು ಹೊರಟ ನನ್ನ ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ಶಿರಾ ಸೀಮೆಯ ಹಳ್ಳಿಯೊಂದಕ್ಕೆ ಅಚ್ಚುಹಾಕಿಸಿದ ಪ್ರಶ್ನಾವಳಿ ಹಿಡಿದು ಹೋಗಿ, ತವರಿನ ಆಸ್ತಿಯಲ್ಲಿ ಪಾಲು ಪಡೆದಿದ್ದೀರಾ, ಇಲ್ಲವಾದರೆ ಕಾರಣವೇನು ಎಂದು ಕೇಳಿದೆ. ಎಲ್ಲರೂ ಇಲ್ಲ ಎಂದರು; ಕಾರಣ, ‘ನಮಗ್ಯಾಕೆ ಮೇಡಂ ಅದು’. ಆ ಮಾತು ಹೇಳುವಾಗ ಜಗಲಿಯ ಮೇಲೆ ಯಾರು ಕುಳಿತಿದ್ದರು ಎಂಬುದನ್ನು ಬರೆದುಕೊಳ್ಳಬೇಕೆಂದು ನನಗೆ ಹೊಳೆದಿರಲಿಲ್ಲ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಕಡೆಯ ರಾಂಪುರದಲ್ಲಿ ನೆಲೆಸಿ ಮಾಡಿದ ಕ್ಷೇತ್ರಕಾರ್ಯವನ್ನು, ಅದರಲ್ಲೂ ಅಲ್ಲಿಯ ಅವಿಭಕ್ತ ಕುಟುಂಬವೊಂದರ ಜಗಳವನ್ನು ಕುರಿತ ಅವರ 1952ರ ಲೇಖನವನ್ನು, ನಾನು ಓದಿದ್ದು ಈ ಸೋಲಿನ ನಂತರ. ಜಗಳವೊಂದನ್ನು ಅವರು ತೀರ್ಪಿನ ಸಾರಾಂಶದಂತೆ ಬರೆಯುವುದಿಲ್ಲ. ಯಾರು ಯಾರ ಮನೆಗೆ ಬಂದರು, ಯಾರ ಹಳೆಯ ಮಾತು ಮೇಲೆದ್ದಿತು, ಊರಿನ ಹಿರಿಯರು ಯಾರ ಮುಖ ನೋಡಿ ಮಾತಾಡಿದರು ಎಂಬುದೆಲ್ಲ ಅವರಿಗೆ ಬೇಕು.

ಕಾನೂನಿನ ಅಧ್ಯಾಪಕರಲ್ಲಿಯೂ ಇಂಥವರಿದ್ದರು. ಆಸ್ಟ್ರಿಯಾ ಸಾಮ್ರಾಜ್ಯದ ಅಂಚಿನಲ್ಲಿದ್ದ, ಈಗ ಉಕ್ರೇನಿಗೆ ಸೇರಿರುವ ಚೆರ್ನಿವ್ಟ್ಸಿಯಲ್ಲಿ ರೋಮನ್ ಕಾನೂನು ಕಲಿಸುತ್ತಿದ್ದ ಯೂಜೆನ್ ಎರ್ಲಿಖ್ ಒಂದು ಸಣ್ಣ ಸಂಗತಿಯನ್ನು ಗಮನಿಸಿದರು. ಮಕ್ಕಳ ದುಡಿಮೆ ತಂದೆಯ ಸ್ವತ್ತೆಂದು 1811ರ ಆಸ್ಟ್ರಿಯನ್ ಸಂಹಿತೆಯಲ್ಲಿ ಎಲ್ಲಿಯೂ ಇಲ್ಲ. ಆದರೆ ಅಲ್ಲಿಯ ರೈತರ ಮನೆಗಳಲ್ಲಿ ಮಕ್ಕಳು ಕೂಲಿ ಮಾಡಿದ್ದು ತಂದೆಯ ಕೈ ಸೇರುತ್ತಿತ್ತು, ಯಾರೂ ತಕರಾರು ಮಾಡುತ್ತಿರಲಿಲ್ಲ. ಪುಸ್ತಕದ ಕಾನೂನಿನ ಪಕ್ಕದಲ್ಲಿ ಬದುಕಿರುವ ಕಾನೂನೊಂದಿದೆ, ಅದನ್ನು ಹೋಗಿ ನೋಡಿಯೇ ತಿಳಿಯಬೇಕು ಎಂಬ ಅವರ ವಾದ 1913ರಲ್ಲಿ ಪುಸ್ತಕವಾಗಿ ಬಂತು. ನಮ್ಮ ಪಠ್ಯಕ್ರಮದಲ್ಲಿ ಅವರಿಗೆ ಸಿಗುವುದು ನ್ಯಾಯಶಾಸ್ತ್ರದ ಪತ್ರಿಕೆಯ ಐದು ಅಂಕದ ಟಿಪ್ಪಣಿ ಮಾತ್ರ, ಇರಲಿ.

ನನ್ನ ತರಗತಿಯಲ್ಲಿ ನೋಡುವ ಕೆಲಸ ವಂಶವೃಕ್ಷದಿಂದ ಆರಂಭವಾಗುತ್ತದೆ. ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ನಾಡಕಚೇರಿಯಲ್ಲಿ ಕೊಡುವ ರೀತಿಯಲ್ಲಿಯೇ ತಮ್ಮ ತಮ್ಮ ಮನೆಯ ವಂಶವೃಕ್ಷ ಬರೆಯಲು ಹೇಳುತ್ತೇನೆ. ಒಂದು ವರ್ಷ ಮಧುಗಿರಿ ಕಡೆಯ ಹುಡುಗನೊಬ್ಬ ತಾತನ ಕೆಳಗೆ ಮೂವರು ಗಂಡುಮಕ್ಕಳನ್ನು ಅಂದವಾಗಿ ಬರೆದು ತಂದ. ನೀನು ತುಮಕೂರಿನಲ್ಲಿ ಯಾರ ಮನೆಯಲ್ಲಿದ್ದುಕೊಂಡು ಓದುತ್ತಿದ್ದೀಯಪ್ಪ ಎಂದು ಕೇಳಿದೆ. ‘ಸೋದರತ್ತೆ ಮನೇಲಿ ಮೇಡಂ’ ಎಂದವನೇ ಹಾಳೆಯನ್ನು ನೋಡಿಕೊಂಡು ಸುಮ್ಮನಾದ. ದಿನವೂ ಅನ್ನ ಬಡಿಸುತ್ತಿದ್ದ ಆಕೆ ಮರದಲ್ಲಿರಲಿಲ್ಲ. ಅವನಿಗೆ ಮೋಸದ ಉದ್ದೇಶವಿರಲಿಲ್ಲ, ಮನೆಯಲ್ಲಿ ಕಂಡ ಹಾಳೆಯನ್ನು ನೆನಪಿನಿಂದ ಇಳಿಸಿದ್ದನಷ್ಟೆ. ಕಚೇರಿಗಳಿಗೆ ಬರುವ ಇಂಥ ಹಾಳೆಗಳಲ್ಲಿ ಮೋಸ ಎಷ್ಟು, ಅಭ್ಯಾಸ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ, ಆದರೆ ಪಹಣಿಯ ಮೇಲೆ ಎರಡರ ಪರಿಣಾಮವೂ ಒಂದೇ.

ಪ್ರಶ್ನಾವಳಿಯನ್ನು ಬಿಟ್ಟ ಮೇಲೆ ನಾನು ಗೌರಿ ಹಬ್ಬದ ಬಾಗಿನದಿಂದ ಮಾತು ತೆಗೆಯತೊಡಗಿದೆ. ಈ ವರ್ಷ ಬಾಗಿನ ಯಾರು ತಂದರು, ಅಣ್ಣನೋ ಅಣ್ಣನ ಮಗನೋ, ಸೀರೆ ಇತ್ತೋ, ಹಣ ಕಳಿಸಿ ಮುಗಿಸಿದರೋ, ಬಾಣಂತನ ಎಲ್ಲಾಯಿತು, ಗಂಡನ ಮನೆಯಲ್ಲಿ ಮಾತು ಬೆಳೆದಾಗ ಯಾರು ಬಂದು ಕರೆದುಕೊಂಡು ಹೋದರು. ಇದನ್ನು ಹಿಡಿದರೆ ಪಾಲಿನ ಮಾತು ತಾನಾಗಿ ಬರುತ್ತದೆ. ಕೊರಟಗೆರೆ ಕಡೆಯ ಒಬ್ಬಾಕೆ ಹುಣಸೆಹಣ್ಣು ಬಿಡಿಸುತ್ತ, ತಲೆಯೆತ್ತದೆ ನನಗೆ ಹೇಳಿದ್ದು ಇದು: ‘ಎರಡೆಕ್ರೆ ಇಸ್ಕಂಡು ಏನ್ ಮಾಡ್ಲಮ್ಮ, ನಾಳೆ ನಮ್ಮೋನು ಹೊಡ್ದು ಓಡ್ಸಿದ್ರೆ ಆ ಎರಡೆಕ್ರೆ ಬಂದು ಬಾಗ್ಲು ತೆಗಿತದಾ?’ ಅರಿವಿಲ್ಲದವಳ ಮಾತಲ್ಲ ಇದು. ಕಷ್ಟಕ್ಕೆ ಒಂದು ಬಾಗಿಲು ತೆರೆದಿರಲಿ ಎಂದು ಆಕೆ ವಿಮೆ ಕಟ್ಟಿದ್ದಾಳೆ, ಕಂತು ಮಾತ್ರ ಬಹಳ ದುಬಾರಿ. ದಾವೆಗಳು ಬರುವುದೂ ಈ ಲೆಕ್ಕ ತಪ್ಪಿದಾಗಲೇ ಎಂಬುದು ನನ್ನ ಅನುಭವ. ತಾಯಿ ತೀರಿಕೊಂಡ ಮೇಲೆ ಹಬ್ಬಕ್ಕೆ ಕರೆಯುವುದು ನಿಂತು, ಒಂದು ವರ್ಷ ಬಾಗಿನ ಬರದೆ ಹೋಗಿ, ಅದರ ಮರುವರ್ಷ ಆಕೆ ವಕೀಲರ ಮನೆ ಹುಡುಕಿಕೊಂಡು ಹೋಗುತ್ತಾಳೆ. ವಾದಪತ್ರದಲ್ಲಿ ಅದು ‘ಇತ್ತೀಚೆಗೆ ಕೇಳಲಾಗಿ ನಿರಾಕರಿಸಿದ್ದರಿಂದ’ ಎಂದಾಗುತ್ತದೆ.

ಹಿಂದೆ ಈ ಭಯಕ್ಕೆ ಇನ್ನೊಂದು ಪರಿಹಾರವಿತ್ತು. ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಂಡರೆ ಪಾಲು ಕೇಳುವವಳೂ ಕೊಡುವವನೂ ಬೀಗರಾಗುತ್ತಾರೆ, ಹೊಲ ಊರು ಬಿಟ್ಟು ಹೋಗುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ ಪ್ರಕಾರ ಮಾವ ಸೊಸೆಯರ ಈ ಮದುವೆ ನಿಷಿದ್ಧ ಸಂಬಂಧವೇ. ರೂಢಿ ಇದ್ದಲ್ಲಿ ವಿನಾಯಿತಿ ಇರುವುದರಿಂದ ನಮ್ಮ ಕಡೆ ಅದು ಊರ್ಜಿತ. ಸೋದರಿಕೆಯ ಮದುವೆಗಳು ಕಡಿಮೆಯಾಗಿ, ಅಳಿಯ ಬೆಂಗಳೂರಿನ ಅಪರಿಚಿತನಾದಂತೆ, ಆ ನಂಟಿನ ಜಾಗಕ್ಕೆ ಛಾಪಾ ಕಾಗದ ಬಂದಿದೆ ಎಂಬುದು ನನ್ನ ಊಹೆ.

ಕಾಗದದ ಮಾತು ಬಂದದ್ದರಿಂದ ಇಷ್ಟನ್ನು ಹೇಳಬೇಕು. ನೂರು ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರ ನೋಂದಣಿಯಾಗದಿದ್ದರೆ ಅದರಿಂದ ಹಕ್ಕು ಹೋಗುವುದಿಲ್ಲ. ಊರಿನ ಪಂಚರ ಮುಂದೆ ಬಿಳಿ ಹಾಳೆಗೆ ಹಾಕಿದ ಹೆಬ್ಬೆಟ್ಟಿಗೆ ಹೆದರಬೇಕಾಗಿಲ್ಲ. ನೋಂದಣಿಯಾದ ಪತ್ರದ ವಿಷಯ ಬೇರೆ. ಮೋಸದಿಂದ ಬರೆಸಿಕೊಂಡದ್ದೆಂದು ರದ್ದುಪಡಿಸಲು ಮೋಸ ತಿಳಿದ ದಿನದಿಂದ 3 ವರ್ಷದೊಳಗೆ ದಾವೆ ಹೂಡಬೇಕು, ಮತ್ತು ಸಂಬಂಧ ಕೆಟ್ಟಿತು ಎಂಬುದು ರದ್ದತಿಗೆ ಕಾರಣವಾಗದು. ಹಬ್ಬಕ್ಕೆ ಕರೆಯುವ ಷರತ್ತನ್ನು ಬರೆದ ಖುಲಾಸೆ ಪತ್ರವನ್ನು ನಾನು ಈವರೆಗೆ ನೋಡಿಲ್ಲ.

ಈಚೆಗೆ ನನ್ನ ಕುತೂಹಲ ಪಾವಗಡದ ಕಡೆಗಿದೆ. ಅಲ್ಲಿಯ ಸೌರ ಪಾರ್ಕಿಗೆ ಐದು ಗ್ರಾಮಗಳ ಸುಮಾರು 13,000 ಎಕರೆಯನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ ₹21,000ದಿಂದ ಆರಂಭವಾಗಿ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಏರುವ ಆ ಬಾಡಿಗೆ ಖಾತೆದಾರನ ಬ್ಯಾಂಕ್ ಖಾತೆಗೆ ಬರುತ್ತದೆ. ಉತ್ತವನು ನಾನು, ಅಪ್ಪ ಅಮ್ಮನನ್ನು ನೋಡಿಕೊಂಡವನು ನಾನು ಎಂದು ಅಣ್ಣತಮ್ಮಂದಿರು ಹೇಳಿಕೊಂಡು ಬಂದ ಮಾತಿನ ಮೊದಲರ್ಧ ಅಲ್ಲಿ ಬಿದ್ದುಹೋಯಿತು, ಏಕೆಂದರೆ ಆ ನೆಲವನ್ನು ಈಗ ಯಾರೂ ಉಳುವುದಿಲ್ಲ. ನಾನು ಬಲ್ಲ ಒಂದು ಮನೆಯಲ್ಲಿ ಅಣ್ಣ ಬಾಡಿಗೆ ಬಂದಾಗಲೆಲ್ಲ ತಂಗಿಯ ಊರಿಗೆ ಹೋಗಿ ಒಂದಷ್ಟು ಹಣ ಕೊಟ್ಟು ಬರುತ್ತಾನೆ. ಅವನ ಬಾಯಲ್ಲಿ ಅದು ಅರಿಶಿನ ಕುಂಕುಮಕ್ಕೆ ಕೊಟ್ಟದ್ದು; ಅವಳ ಬಾಯಲ್ಲಿ, ‘ನನ್ ಪಾಲಿನ ಬಾಡ್ಗೆ’. ಅವನ ಹೆಸರನ್ನು ಒಪ್ಪಿದರೆ ಅದು ಅಣ್ಣನ ಉಡುಗೊರೆ, ಆಸ್ತಿಗೂ ಅದಕ್ಕೂ ಸಂಬಂಧವಿಲ್ಲ. ಅವಳ ಹೆಸರನ್ನು ಒಪ್ಪಿದರೆ ಆಕೆ ಇನ್ನೂ ಜಂಟಿ ಸ್ವಾಧೀನದಲ್ಲಿದ್ದಾಳೆ ಎನ್ನಲು ಅದೇ ಸಾಕ್ಷ್ಯ. ಹಾಗಾದರೆ ದಾವೆ ಹೂಡುವ ಕಾಲಮಿತಿಯ ಗಡಿಯಾರ ಓಡಲು ಆರಂಭವಾಗಿಲ್ಲ, ದಾವೆಯ ಶುಲ್ಕವೂ ಆಸ್ತಿಯ ಬೆಲೆಯ ಮೇಲೆ ಬೀಳುವುದಿಲ್ಲ. ಹಣ ಕೊಡುವಾಗ ಇಬ್ಬರೂ ಯಾವ ಹೆಸರನ್ನೂ ಗಟ್ಟಿಯಾಗಿ ಹೇಳುವುದಿಲ್ಲವಂತೆ, ರಸೀದಿ ಇಲ್ಲ, ನಗದಿನಲ್ಲಿಯೇ ಕೊಡುತ್ತಾನೆ.